ಶೀನಣ್ಣನ ಅಂಗಿಯ ಜೇಬು

ಆಸ್ಪತ್ರೆಯವರು ಕೊಟ್ಟಿದ್ದ ಪ್ಲಾಸ್ಟಿಕ್ ಚೀಲದಿಂದ ಸುಗಂಧಿ ಗಂಡನ ಖಾಕಿ ಅಂಗಿಯನ್ನು ಎಳೆದು ತೆಗೆದಳು. ತೆಗೆದವಳೇ, ಮದುವೆಯಾದಂದಿನಿಂದ ದಿನವೂ ಮಾಡುತ್ತಿದ್ದಂತೆ, ಎದೆಯ ಜೇಬಿಗೆ ಎರಡು ಬೆರಳು ಇಳಿಸಿದಳು. ಬೆರಳಿಗೆ ಏನೋ ಚುಚ್ಚಿತು.

ಹೊರಗೆ ಮನೆಯ ಮುಂದಿನ ಚಾವಡಿಯಲ್ಲಿ ಶೀನ ಬಾಳೆಲೆಯ ಮೇಲೆ ಮಲಗಿದ್ದ. ತಲೆಯ ಬಳಿ ಒಡೆದ ತೆಂಗಿನಕಾಯಿಯ ಗಡಿಯಲ್ಲಿ ದೀಪ ಉರಿಯುತ್ತಿತ್ತು. ಅವನ ದೊಡ್ಡಕ್ಕ ಕಮಲ ಹೆಂಗಸರನ್ನೆಲ್ಲ ಕೆಲಸಕ್ಕೆ ಹಚ್ಚಿ, ಒಬ್ಬಳನ್ನು ಸ್ನಾನದ ನೀರಿಗೆ, ಇನ್ನೊಬ್ಬಳನ್ನು ತುಳಸಿಗೆ ಓಡಿಸಿದ್ದಳು. ಸುಗಂಧಿಯನ್ನು ಒಳಗೆ ಕಳಿಸಿದವಳೂ ಅವಳೇ. ಸಾಯುವಾಗ ಮೈಮೇಲಿದ್ದ ಬಟ್ಟೆಯನ್ನು ಗಂಟು ಕಟ್ಟಿಕೊಡು, ಅದು ಮನೆಯಲ್ಲಿರುವುದು ಬೇಡ, ಚಿತೆಗೆ ಹಾಕಿಬಿಡಲಿ ಎಂದಿದ್ದಳು.

ಜೇಬಿನಿಂದ ಬಂದದ್ದು ಬಳೆಯಷ್ಟಗಲದ ಒಂದು ತೆಳು ತಗಡಿನ ಉಂಗುರ. ಅದರ ಸುತ್ತಲೂ ಹೊರಚಾಚಿದ ಸಣ್ಣ ಸಣ್ಣ ಕಿವಿಗಳು. ಒಂದು ಕಿವಿಯೂ ಮಡಚಿರಲಿಲ್ಲ. ಅಂಗಡಿಯವರು ಸವರಿದ ಎಣ್ಣೆಯ ಪಸೆ ಇನ್ನೂ ಹಾಗೇ ಇತ್ತು. ಚಕ್ರದ ನಟ್ಟಿಗೆ ಹಾಕುವ ಲಾಕ್ ವಾಷರ್, ಅದೂ ಹೊಸತು.

ಸುಗಂಧಿ ಅಲ್ಲೇ ಅಕ್ಕಿಯ ಡಬ್ಬದ ಮೇಲೆ ಕುಳಿತಳು. ನಿನ್ನೆ ಸಂಜೆ ಡಾಕ್ಟರು ತಲೆಯಲ್ಲಾಡಿಸಿದಾಗಲೂ ಅವಳು ಹೀಗೆ ಕುಳಿತಿರಲಿಲ್ಲ. ಅದು ಆಗಿಹೋದ ಸಂಗತಿ. ಇದು ಇನ್ನೂ ಆಗಬೇಕಾದದ್ದು, ಅಥವಾ ಈಗ, ಈ ಗಳಿಗೆಯಲ್ಲಿ, ಎಲ್ಲೋ ಆಗುತ್ತಿರುವುದು.

ಈ ವಾಷರ್ ಶೀನನ ಜೇಬಿನಲ್ಲಿದೆ ಎಂದರೆ, ಅವನು ಕೊನೆಯದಾಗಿ ಕೈಯಿಟ್ಟ ಫೋರ್‌ವೀಲ್ ಲಾರಿಯ ಬಲಬದಿಯ ಮುಂದಿನ ಚಕ್ರದಲ್ಲಿ ಅದು ಇಲ್ಲ. ಆ ಲಾರಿಯೋ ಬೆಳಿಗ್ಗೆಯೇ ಚಿತೆಗೆ ಮಾವಿನ ಮರ ತರಲೆಂದು ಬಜಗೋಳಿಯ ಕಡೆ ಹೊರಟುಹೋಗಿತ್ತು. ಅದರಲ್ಲಿ ಅವಳ ಒಬ್ಬನೇ ಮಗ ರೋಹಿತ್ ಇದ್ದ.

*

ಲಾರಿ ಕಾಪುವಿನ ಧರ್ಮಪಾಲನದು. ಮಿಲಿಟರಿಯವರು ಹರಾಜಿಗೆ ಹಾಕಿದ್ದನ್ನು ಅವನು ದೋಣಿ ಎಳೆಯಲೆಂದು ಕೊಂಡಿದ್ದ. ಮರಳಿನಲ್ಲಿ ಬೇರೆ ಗಾಡಿ ಹೂತು ಕೂರುವ ಕಡೆ ಇದು ನಾಲ್ಕೂ ಚಕ್ರ ತಿರುಗಿಸಿಕೊಂಡು ಗೊಣಗುತ್ತ ಹತ್ತಿಬಿಡುತ್ತಿತ್ತು. ಆದರೆ ದೋಣಿಗೆ ಹಗ್ಗ ಕಟ್ಟುವಾಗ ಚಕ್ರಗಳು ಅರ್ಧದವರೆಗೆ ಕಡಲಿನಲ್ಲೇ ನಿಲ್ಲಬೇಕು. ಉಪ್ಪುನೀರು ಚಕ್ರದ ನಟ್ಟನಡುವಿನ ಹಬ್ಬಿನೊಳಗೆ ನುಗ್ಗಿ ಬೇರಿಂಗಿನ ಗ್ರೀಸನ್ನೆಲ್ಲ ಮಜ್ಜಿಗೆ ಮಾಡಿಬಿಡುತ್ತದೆ. ಹಾಗಾಗಿ ಪ್ರತಿವರ್ಷ ಮಳೆಗಾಲಕ್ಕೆ ಮೊದಲು, ದೋಣಿಗಳನ್ನೆಲ್ಲ ದಡಕ್ಕೆ ಎಳೆಯುವ ಕೆಲಸ ಶುರುವಾಗುವ ಮುನ್ನ, ಧರ್ಮಪಾಲ ಲಾರಿಯನ್ನು ಬೆಳ್ಮಣ್ಣಿಗೆ ತಂದು ಶೀನನ ಅಂಗಳದಲ್ಲಿ ನಿಲ್ಲಿಸುತ್ತಿದ್ದ. ಹತ್ತಿರದಲ್ಲಿ ಗ್ಯಾರೇಜುಗಳಿಲ್ಲವೆಂದಲ್ಲ. ಅವನಿಗೆ ಶೀನನ ಕೈಯೇ ಆಗಬೇಕು.

ಹಬ್ ಬಿಚ್ಚಿದ ದಿನ ಬೇರಿಂಗ್‌ಗಳನ್ನು ಸೀಮೆಎಣ್ಣೆಯಲ್ಲಿ ತೊಳೆಯುವುದು ಸುಗಂಧಿಯ ಪಾಲಿನ ಕೆಲಸ. ಮೀನು ತೊಳೆದಷ್ಟೇ ನಾಜೂಕಾಗಿ ತೊಳೆದು ಹಳೆಯ ಪಂಚೆಯ ಮೇಲೆ ಹರಡುತ್ತಿದ್ದಳು. ಆಮೇಲೆ ಶೀನ ಅಂಗೈಯಲ್ಲಿ ಗ್ರೀಸಿನ ಮುದ್ದೆ ಇಟ್ಟುಕೊಂಡು, ಬೇರಿಂಗನ್ನು ಅದಕ್ಕೆ ಒತ್ತಿ ಒತ್ತಿ, ಆಚೆಯಿಂದ ಗ್ರೀಸು ಉಕ್ಕುವವರೆಗೆ ತುಂಬುತ್ತಿದ್ದ. ನಟ್ಟು ಬಿಗಿದು, ಸ್ವಲ್ಪ ಸಡಿಲ ಬಿಟ್ಟು, ಚಕ್ರ ತಿರುಗಿಸಿ ಕಿವಿಗೊಡುತ್ತಿದ್ದ. ಅಷ್ಟಕ್ಕೆ ಎಲ್ಲರ ಕೆಲಸ ಮುಗಿಯುತ್ತದೆ, ಅವನದು ಮುಗಿಯುತ್ತಿರಲಿಲ್ಲ. ಒಳಗೊಂದು, ಹೊರಗೊಂದು ಇರುವ ಎರಡು ನಟ್ಟುಗಳ ನಡುವೆ ಕೂತು, ಅವು ತಿರುಗಿ ಬಿಚ್ಚಿಕೊಳ್ಳದ ಹಾಗೆ ಹಿಡಿದಿಡುವುದು ಲಾಕ್ ವಾಷರ್. ಒಮ್ಮೆ ಮಡಚಿ ಬಿಡಿಸಿದ ಕಿವಿಗೆ ಬಲ ಇರುವುದಿಲ್ಲ, ಆದ್ದರಿಂದ ಪ್ರತಿಸಲವೂ ಹೊಸತೇ ಬೇಕು. ಶೀನ ಮೊದಲು ಹಳೆಯದನ್ನೇ ಇಟ್ಟು, ಒಂದು ಕಿವಿಯನ್ನು ಹೆಸರಿಗೆ ಮಡಚಿ, ಗಾಡಿಯನ್ನು ಬೆಳ್ಮಣ್ ಪೇಟೆಯವರೆಗೆ ಒಂದು ಸುತ್ತು ಓಡಿಸಿಕೊಂಡು ಬರುತ್ತಿದ್ದ. ಬಂದವನು ಹಬ್ಬಿನ ಮೇಲೆ ಅಂಗೈ ಇಟ್ಟು, ಬಿಸಿಯ ಹದ ನೋಡಿ, ಮತ್ತೆ ಬಿಚ್ಚಿ, ಬೇಕಾದರೆ ನಟ್ಟು ಸರಿಮಾಡಿ, ಆಮೇಲಷ್ಟೇ ಹೊಸ ವಾಷರ್ ಕೂರಿಸುತ್ತಿದ್ದ. ಅಲ್ಲಿಯವರೆಗೆ ಅದು ಅವನ ಎದೆಯ ಜೇಬಿನಲ್ಲೇ ಇರುತ್ತಿತ್ತು.

ಮದುವೆಯಾದ ಹೊಸತರಲ್ಲಿ ಸುಗಂಧಿ ಕೇಳಿದ್ದಳು. "ಎಂತಕ್ಕೆ ಜೇಬಿನಲ್ಲಿ ಇಡುವುದು? ಡಬ್ಬದಲ್ಲಿ ಇಟ್ಟರೆ ಆಗುವುದಿಲ್ವಾ?"

"ಡಬ್ಬದಲ್ಲಿ ಇಟ್ಟರೆ ಮರೆತುಹೋಗ್ತದೆ. ಇಲ್ಲಿ ಇಟ್ಟರೆ ಬಗ್ಗುವಾಗೆಲ್ಲ ಚುಚ್ಚುತ್ತದೆ. ಚುಚ್ಚುವಷ್ಟು ಹೊತ್ತು ಕೆಲಸ ಮುಗಿಯಲಿಲ್ಲ ಅಂತ ಲೆಕ್ಕ," ಎಂದಿದ್ದ ಶೀನ. "ನೀನು ಒಗೆಯುವ ಮೊದಲು ಜೇಬು ನೋಡು. ಖಾಲಿ ಇಲ್ಲದಿದ್ದರೆ ಅಂಗಿ ನೀರಿಗೆ ಹಾಕಬೇಡ. ನನ್ನನ್ನು ಕರೆ."

ಅಂದಿನಿಂದ ಅವಳು ಜೇಬು ನೋಡದೆ ಅಂಗಿ ನೆನೆಹಾಕಿದವಳಲ್ಲ. ಅಂಥ ಗಂಡನನ್ನು ಕಟ್ಟಿಕೊಂಡದ್ದಕ್ಕೆ ಅಂಗಿಗೆಲ್ಲ ತೂತು ಎಂದು ನೆರೆಮನೆಯ ಹರಿಣಾಕ್ಷಿಯ ಹತ್ತಿರ ನಗೆಯಾಡುತ್ತಿದ್ದಳು.

ಒಮ್ಮೆ ಮಾತ್ರ ಅವಳಿಗೆ ನಗು ಬಂದಿರಲಿಲ್ಲ. ಇಬ್ಬರೂ ಹೆಬ್ರಿಯ ಕಡೆ ಒಂದು ಮದುವೆಗೆ ಹೊರಟವರು ದಾರಿಯಲ್ಲಿ ಬಸ್ಸಿನಿಂದ ಇಳಿಯಬೇಕಾಯಿತು. ಒಂದು ಜೀಪು ಕೆಂಪುಕಲ್ಲಿನ ಗೋಡೆಗೆ ಒರಗಿ ಬಿದ್ದಿತ್ತು. ಅದರ ಮುಂದಿನ ಚಕ್ರ ಒಂಟಿಯಾಗಿ ಉರುಳಿಹೋಗಿ ಗದ್ದೆಯ ನಡುವೆ ಮಲಗಿತ್ತು. ರಸ್ತೆಯ ಮೇಲೆ ಒಂದು ಮಗುವಿನ ಚಪ್ಪಲಿ ಇತ್ತು. ಶೀನ ಬಗ್ಗಿ ಚಕ್ರ ಕಳಚಿದ ಜಾಗವನ್ನು ನೋಡಿದ. ಕಬ್ಬಿಣ ಸುಟ್ಟು ನೀಲಿಯಾಗಿತ್ತು. ಯಾರು ಉಳಿದರು, ಯಾರು ಹೋದರು ಎಂದು ಅವನು ಬಂದು ಹೇಳಲಿಲ್ಲ, ಅವಳೂ ಕೇಳಲಿಲ್ಲ. ಬಸ್ಸು ಮತ್ತೆ ಹೊರಟ ಮೇಲೆ ತನ್ನಷ್ಟಕ್ಕೆ ಎಂಬಂತೆ ಒಂದು ಮಾತು ಹೇಳಿದ್ದ. "ಹತ್ತುವಾಗ ಚಕ್ರ ಹೋಗುವುದಿಲ್ಲ. ಇಳಿಯುವಾಗ, ಬ್ರೇಕ್ ಹಿಡಿದಾಗ ಹೋಗುವುದು. ಅದೂ ಲೋಡ್ ಇದ್ದರೆ."

*

ಅಕ್ಕಿಯ ಡಬ್ಬದ ಮೇಲಿಂದ ಎದ್ದು ಸುಗಂಧಿ ಮಗನ ನಂಬರಿಗೆ ಫೋನು ಮಾಡಿದಳು. ಅದು ಅಡಿಗೆಮನೆಯಲ್ಲಿ, ಮಿಕ್ಸಿಯ ಪಕ್ಕ ಚಾರ್ಜಿಗೆ ಇಟ್ಟಲ್ಲೇ ಹಾಡತೊಡಗಿತು. ಲಾರಿಯ ಡ್ರೈವರ್ ಯೋಗೀಶನ ಫೋನು ಸಿಗಲಿಲ್ಲ. ಬಜಗೋಳಿ ದಾಟಿ ಒಳಗೆ ಹೋದರೆ, ಶೀನನ ಹಿರಿಯರ ತರವಾಡು ಮನೆಯ ಗುಡ್ಡದಲ್ಲಿ ಯಾರ ಫೋನೂ ಸಿಗುವುದಿಲ್ಲ. ಆ ಗುಡ್ಡದ ಮಾವಿನ ಮರವೇ ಆಗಬೇಕು, ಅದು ನಮ್ಮ ಅಮ್ಮ ನೆಟ್ಟದ್ದು, ಮೊದಲ ಕೊಡಲಿ ಮಗನೇ ಹಾಕಲಿ ಎಂದು ಹಟ ಹಿಡಿದವಳು ಕಮಲಕ್ಕ. ಗುಡ್ಡದ ದಾರಿಗೆ ಫೋರ್‌ವೀಲೇ ಬೇಕು ಎಂದು ಲಾರಿ ಕೊಟ್ಟವನು ಧರ್ಮಪಾಲ. ಎಲ್ಲರೂ ಒಳ್ಳೆಯದನ್ನೇ ಮಾಡಿದ್ದರು.

ರೋಹಿತನಂತೂ ಎಲ್ಲರಿಗಿಂತ ಒಳ್ಳೆಯದು ಮಾಡಿದ್ದ. ಅವನು ಮಣಿಪಾಲದಲ್ಲಿ ಎಸಿ ರಿಪೇರಿ ಮಾಡುವವನು. ಸಣ್ಣವನಿದ್ದಾಗಿನಿಂದಲೂ ಗ್ರೀಸಿನ ವಾಸನೆಗೆ ಮುಖ ಸಿಂಡರಿಸಿ ಅಪ್ಪನ ಶೆಡ್ಡಿನಿಂದ ದೂರ ಇದ್ದವನು. ಶೀನನೂ ಒತ್ತಾಯ ಮಾಡಿರಲಿಲ್ಲ. ನಿನ್ನೆ ಸಂಜೆ ಶೀನ ಪೇಟೆಯ ಸುತ್ತು ಮುಗಿಸಿ ಬಂದು, ಬಲಚಕ್ರವನ್ನು ಜಾಕಿನ ಮೇಲೆ ಎತ್ತಿ, ಹಬ್ಬಿನ ಮುಚ್ಚಳ ಬಿಚ್ಚಿಟ್ಟು, ಚಹಾ ಕುಡಿದು ಮುಂದಿನದು ಮಾಡುವ ಎಂದು ಸ್ಟೂಲಿನ ಮೇಲೆ ಕುಳಿತವನು ಹಾಗೇ ಪಕ್ಕಕ್ಕೆ ವಾಲಿದ್ದ. ಇವತ್ತು ನಸುಕಿನಲ್ಲಿ ಹೆಣ ತಂದ ಆಂಬುಲೆನ್ಸ್ ಅಂಗಳಕ್ಕೆ ಬರಬೇಕಾದರೆ ಲಾರಿ ಸರಿಯಬೇಕಿತ್ತು. ರೋಹಿತನೇ ಮುಚ್ಚಳ ಹಾಕಿ, ಬೋಲ್ಟು ಬಿಗಿದು, ಜಾಕು ಇಳಿಸಿದ. ಆಮೇಲೆ ಗ್ರೀಸು ಮೆತ್ತಿದ ಕೈಯಲ್ಲೇ ಅಡಿಗೆಮನೆಗೆ ಬಂದು ಅವಳ ಭುಜಕ್ಕೆ ತಲೆಯಿಟ್ಟಿದ್ದ.

"ಅಪ್ಪನ ಕೆಲಸ ನಾನೇ ಮುಗಿಸಿದೆ ಅಮ್ಮ. ಮುಚ್ಚಳ ಕೂರಿಸುವುದೊಂದೇ ಬಾಕಿ ಇದ್ದದ್ದು," ಎಂದು ಹೇಳಿ ಬಿಕ್ಕಿಬಿಕ್ಕಿ ಅತ್ತಿದ್ದ. ಅವಳ ಸೀರೆಯ ಮೇಲೆ ಅವನ ಬೆರಳಿನ ಗುರುತು ಇನ್ನೂ ಇತ್ತು.

ಈಗ ಇದನ್ನು ಯಾರಿಗೆ ಹೇಳುವುದು? ಹೇಳಿದರೆ, ಅಪ್ಪ ಸತ್ತ ದಿನವೇ ಮಗ ಇಂಥದ್ದೊಂದು ಮಾಡಿಟ್ಟ ಎಂಬುದು ಊರಿಗೆಲ್ಲ ಗೊತ್ತಾಗುತ್ತದೆ. ಹೇಳದಿದ್ದರೆ ಮಗನೇ ಉಳಿಯುತ್ತಾನೋ ಇಲ್ಲವೋ. ಸುಗಂಧಿ ವಾಷರನ್ನು ಮುಷ್ಟಿಯಲ್ಲಿ ಅಡಗಿಸಿಕೊಂಡು ಚಾವಡಿಗೆ ಬಂದು ಗಂಡನ ತಲೆಯ ಬಳಿ ಕುಳಿತಳು.

"ಬಟ್ಟೆ ಎಲ್ಲಿ?" ಎಂದಳು ಕಮಲಕ್ಕ.

"ಇರಲಿ ಅಕ್ಕ. ಈಗ ಕೊಡಲಿಕ್ಕೆ ಆಗುವುದಿಲ್ಲ."

ಕಮಲಕ್ಕ ಹುಬ್ಬು ಗಂಟಿಕ್ಕಿದಳು. ಹಿಂದಿದ್ದ ಹೆಂಗಸರು ಇವಳು ಒಂದು ಹನಿ ಕಣ್ಣೀರೂ ಹಾಕಲಿಲ್ಲ, ಒಳಗೇ ಹೆಪ್ಪುಗಟ್ಟಿದೆ, ಒಮ್ಮೆ ಅಳಿಸಿಬಿಡಬೇಕು ಎಂದು ಪಿಸುಗುಟ್ಟಿದರು.

ಅಂಗಳದಲ್ಲಿ ಶಾಮಿಯಾನದ ಕೆಳಗೆ ಧರ್ಮಪಾಲ ಪ್ಲಾಸ್ಟಿಕ್ ಕುರ್ಚಿ ತುಂಬ ಕುಳಿತು, ಬಂದವರಿಗೆಲ್ಲ ಶೀನನ ಗುಣಗಾನ ಮಾಡುತ್ತಿದ್ದ. ಕಡಲಿನಲ್ಲಿ ಹತ್ತಾರು ಜನರನ್ನು ಗದರಿಸಿ ದುಡಿಸುವ ದೊಡ್ಡ ಮೈಯ ಮನುಷ್ಯ, ಇವತ್ತು ಮಾತಿನ ನಡುವೆ ಮೂಗೊರೆಸಿಕೊಳ್ಳುತ್ತಿದ್ದ. ಶೀನಣ್ಣ ಕೈಯಿಟ್ಟ ಗಾಡಿಯನ್ನು ಇನ್ನೊಬ್ಬ ತೆರೆದು ನೋಡುವುದು ಅಂತ ಇಲ್ಲವೇ ಇಲ್ಲ, ಕಣ್ಣು ಮುಚ್ಚಿ ಓಡಿಸಬಹುದು ಎನ್ನುತ್ತಿದ್ದ. ಆ ಮಾತು ಸುಗಂಧಿಗೆ ಕೇಳಿತು. ಹರಿಣಾಕ್ಷಿಯ ಕಿವಿಯಲ್ಲಿ ಹೇಳಿ ಅವನನ್ನು ಬಚ್ಚಲಿನ ಹಿಂದಕ್ಕೆ ಕರೆಸಿದಳು. ಬಂದವನ ಎದುರು ಮುಷ್ಟಿ ಬಿಚ್ಚಿದಳು.

ಧರ್ಮಪಾಲನಿಗೆ ಅರ್ಥವಾಗಲು ತುಸು ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಮುಖದ ಬಣ್ಣ ಇಳಿಯಿತು. ಇದು ಎಡಚಕ್ರದ್ದು ಇರಬಹುದಲ್ವಾ, ಹೆಚ್ಚು ತಂದದ್ದು ಇರಬಹುದಲ್ವಾ ಎಂದು ದಾರಿ ಹುಡುಕಿದ. ಎಡಚಕ್ರ ಮೊನ್ನೆಯೇ ಮುಗಿದದ್ದು, ಅವತ್ತು ಜೇಬು ಖಾಲಿ ಇತ್ತು, ಅಂಗಿ ಒಗೆದಿದ್ದೇನೆ, ಎಷ್ಟು ಬೇಕೋ ಅಷ್ಟೇ ತರುವವರು ಅವರು ಎಂದು ಸುಗಂಧಿ ಒಂದೊಂದೇ ದಾರಿ ಮುಚ್ಚಿದಳು.

"ಮರ ತುಂಬಿಸಿಕೊಂಡು ಗುಡ್ಡ ಇಳಿಯಬೇಕಲ್ಲ ಸುಗಂಧಿಯಕ್ಕ," ಎಂದ ಧರ್ಮಪಾಲ, ಸ್ವರವೇ ಇಲ್ಲದೆ.

"ಅದೇ ಧರ್ಮಣ್ಣ. ಯಾರನ್ನಾದರೂ ಕಳಿಸಿ. ಆದರೆ ರೋಹಿತನಿಗೆ ಇದು ಗೊತ್ತಾಗುವುದು ಬೇಡ. ಮುಚ್ಚಳ ಅವನೇ ಕೂರಿಸಿದ್ದು."

ಶೀನನ ತಮ್ಮ ಜಿತೇಂದ್ರ ಬೈಕು ಹತ್ತಿದ. ಲಾರಿಯ ಬ್ರೇಕ್ ಎಣ್ಣೆ ಸೋರುತ್ತಿತ್ತು, ಎಲ್ಲಿ ಸಿಕ್ಕಿದರೆ ಅಲ್ಲೇ ನಿಲ್ಲಿಸು, ಒಂದು ಮಾರು ಮುಂದೆ ಬಿಡಬೇಡ ಎಂದಷ್ಟೇ ಅವನಿಗೆ ಹೇಳಿದ್ದು. ಸುಳ್ಳು ಹೇಳಿ ಅಭ್ಯಾಸವಿಲ್ಲದ ಧರ್ಮಪಾಲ ಅದನ್ನು ಹೇಳುವಾಗ ಬೆವತುಹೋಗಿದ್ದ.

*

ಹೆಣಕ್ಕೆ ಸ್ನಾನ ಮಾಡಿಸಿದರು. ಸುಗಂಧಿ ತಂಬಿಗೆಯಿಂದ ನೀರು ಹೊಯ್ದಳು. ಶೀನನ ಉಗುರಿನ ಸಂದಿನ ಕಪ್ಪು ಎಷ್ಟು ಸಾಬೂನು ಹಾಕಿದರೂ ಹೋಗಲಿಲ್ಲ, ಅದನ್ನು ತೆಗೆಯಲು ಕಮಲಕ್ಕ ಹೆಣಗಿದಳು. ರಸ್ತೆಯಲ್ಲಿ ಒಂದೊಂದು ಗಾಡಿ ಹೋದಾಗಲೂ ಸುಗಂಧಿಯ ಕೈ ಅರ್ಧಕ್ಕೆ ನಿಲ್ಲುತ್ತಿತ್ತು. ಬಸ್ಸಿನ ಸದ್ದು, ಟಿಪ್ಪರಿನ ಸದ್ದು, ಗ್ಯಾಸಿನ ಗಾಡಿಯ ಸದ್ದು. ಬೇಕಾದ ಸದ್ದೊಂದು ಬರಲಿಲ್ಲ.

ಊರ ಶಾಲೆಯ ಝೀಟಾ ಟೀಚರ್ ಕಾರ್ಕಳದಿಂದ ಬಂದವರು ಹೂವಿನ ಮಾಲೆಯನ್ನು ಶೀನನ ಎದೆಯ ಮೇಲಿಟ್ಟು, ತಡವಾದದ್ದಕ್ಕೆ ಸುಗಂಧಿಯ ಕೈ ಹಿಡಿದು ಬೇಸರಪಟ್ಟರು. ಕಾರ್ಕಳ ಪೇಟೆ ದಾಟಿದ ಮೇಲೆ ಇಳಿಜಾರಿನ ತಿರುವಿನಲ್ಲಿ ಎಂತದೋ ಗಾಡಿ ಮಗುಚಿ ಬಿದ್ದಿದೆಯಂತೆ, ಬಸ್ಸು ಬಹಳ ಹೊತ್ತು ನಿಂತೇ ಇತ್ತಂತೆ.

"ದೊಡ್ಡ ಗಾಡಿಯಾ ಟೀಚರ್?"

"ಸರಿ ಕಾಣಲಿಲ್ಲಮ್ಮ. ಸುತ್ತ ಜನ ನಿಂತಿದ್ದರು. ಒಂದು ಚಕ್ರ ಮಾತ್ರ ಮೇಲೆ ಕಂಡಿತು. ರಸ್ತೆಯೆಲ್ಲ ಒದ್ದೆ."

ಯಾವುದರಿಂದ ಒದ್ದೆ ಎಂದು ಸುಗಂಧಿ ಕೇಳಬೇಕಿತ್ತು. ಕೇಳಿದರೆ ಟೀಚರ್ ಹೇಳಿಬಿಡುತ್ತಾರೆ ಎಂದು ಭಯವಾಯಿತು. ಮುಷ್ಟಿಯೊಳಗಿನ ವಾಷರಿನ ಕಿವಿಗಳು ಅಂಗೈಗೆ ಕಚ್ಚಿಕೊಂಡಿದ್ದವು.

ಅಷ್ಟರಲ್ಲಿ ಧರ್ಮಪಾಲನಿಗೆ ಜಿತೇಂದ್ರನ ಫೋನು ಬಂತು. ಅವನು ಅಂಗಳದ ಅಂಚಿಗೆ ಹೋಗಿ ಮಾತಾಡಿ, ಮರಳಿ ಬಂದು, ಚಾವಡಿಯ ಮೆಟ್ಟಿಲಿನ ಬಳಿ ನಿಂತ. ಸುತ್ತ ಹೆಂಗಸರು ಕುಳಿತಿದ್ದರು. ಅವನು ತಲೆ ತಗ್ಗಿಸಿ, ಬೇರೆ ಯಾವುದೋ ಸಂಗತಿ ಎಂಬಂತೆ, ಜಿತೇಂದ್ರ ಬಜಗೋಳಿ ಮುಟ್ಟಿದನಂತೆ, ಲಾರಿ ಅಲ್ಲಿಂದ ಹೊರಟು ಬಹಳ ಹೊತ್ತಾಯಿತಂತೆ, ಅವನಿಗೆ ಮಾತ್ರ ದಾರಿಯಲ್ಲಿ ಎಲ್ಲಿಯೂ ಸಿಗಲಿಲ್ಲವಂತೆ, ತಿರುವಿನಲ್ಲಿ ಜನ ಸೇರಿದ ಕಡೆ ಬೈಕನ್ನು ಬದಿಯಿಂದ ತೂರಿಸಿಕೊಂಡು ಹೋದದ್ದರಿಂದ ಬಿದ್ದದ್ದು ಯಾವ ಗಾಡಿ ಎಂದು ನೋಡಲಿಲ್ಲವಂತೆ ಎಂದ.

ಇರುವುದು ಒಂದೇ ದೊಡ್ಡ ರಸ್ತೆ. ಬೈಕು ಅದರಲ್ಲೇ ಹೋಗಿದೆ. ಹೊರಟ ಲಾರಿ ದಾರಿಯಲ್ಲಿ ಇಲ್ಲ, ಇಲ್ಲಿಗೂ ಬರಲಿಲ್ಲ.

ಸುಗಂಧಿ ಬಾಗಿ ಗಂಡನ ಕಿವಿಗೆ ಬಾಯಿ ಹಚ್ಚಿದಳು. ಅವಳಿಗೆ ಬಂದದ್ದು ದುಃಖವಲ್ಲ, ಸಿಟ್ಟು. "ಇನ್ನೊಂದು ಗಳಿಗೆ ಇರಲಿಕ್ಕೆ ನಿಮಗೆ ಆಗಲಿಲ್ವಾ?" ಎಂದಳು. "ಚಹಾ ಆಮೇಲೆ ಕುಡಿದರೆ ಆಗುತ್ತಿರಲಿಲ್ವಾ? ನೀವು ಒಬ್ಬರೇ ಹೋಗಿ. ಅವನನ್ನು ಕರೆದುಕೊಂಡು ಹೋಗಬೇಡಿ. ನಾನು ಬಿಡುವುದಿಲ್ಲ."

ಶೀನನ ಹಣೆ ತಣ್ಣಗಿತ್ತು. ಹಿಂದಿದ್ದ ಹೆಂಗಸರು, ಅಂತೂ ಬಾಯಿ ಬಿಟ್ಟಳು, ಇನ್ನು ಹೆದರಿಕೆಯಿಲ್ಲ ಎಂದು ಸಮಾಧಾನದ ಉಸಿರು ಬಿಟ್ಟರು.

*

ಸದ್ದು ಬಂದದ್ದು ದೊಡ್ಡ ರಸ್ತೆಯಿಂದಲ್ಲ, ಮೇಲಿನ ಗುಡ್ಡೆಯ ಒಳದಾರಿಯಿಂದ. ಮೊದಲು ಗೇರು ಬದಲಿಸುವ ಗೊರಗೊರ. ಅದು ಆ ಲಾರಿಯದೇ ಎಂದು ಸುಗಂಧಿಗೆ ನಿದ್ದೆಯಲ್ಲೂ ಗೊತ್ತಾಗುತ್ತಿತ್ತು. ಅದರ ಅಡಿಯಲ್ಲಿ ಇನ್ನೊಂದು ಸದ್ದಿತ್ತು. ಕಟ್, ಕಟ್, ಕಟ್. ಯಾರೋ ಸಣ್ಣ ಸುತ್ತಿಗೆಯಿಂದ ತಟ್ಟುತ್ತಿದ್ದಂತೆ.

ಶೀನನ ಮನೆಗೆ ಮೇಲಿನಿಂದ ಇಳಿಯುವ ದಾರಿ ಬಹಳ ಕಡಿದು. ಅದರ ಬುಡದಲ್ಲೇ ಅಂಗಳ, ಅಂಗಳದ ತುಂಬ ಜನ. ಸುಗಂಧಿ ಎದ್ದಳು. ಹೆಣದ ತಲೆಯ ಬಳಿಯಿಂದ ಹೆಂಡತಿ ಎದ್ದು ಓಡುವುದನ್ನು ಆ ಊರಿನವರು ಕಂಡದ್ದಿಲ್ಲ. ಕಮಲಕ್ಕ ಸೆರಗು ಹಿಡಿದರೆ ಕೊಸರಿಕೊಂಡಳು. ಯಾರೋ ಅಡ್ಡ ಬಂದರು, ತಳ್ಳಿದಳು. ತಲೆಗೂದಲು ಬಿಚ್ಚಿಹೋಗಿ, ಬರಿಗಾಲಿನಲ್ಲಿ ಏರನ್ನು ಹತ್ತಿದಳು.

ಲಾರಿ ಏರಿನ ತುದಿಯಲ್ಲಿ ನಿಂತಿತ್ತು. ದಾರಿಗೆ ಅಡ್ಡ ಇಳಿಬಿದ್ದ ಕರೆಂಟಿನ ತಂತಿಯನ್ನು ರೋಹಿತ್ ಮರದ ತುಂಡುಗಳ ರಾಶಿಯ ಮೇಲೆ ನಿಂತು ಒಣಗಿದ ಬಿದಿರಿನ ಕೋಲಿನಿಂದ ಎತ್ತುತ್ತಿದ್ದ. ತಂತಿ ದಾಟಿದರೆ ಮುಂದೆ ಇಳಿಜಾರು. ಯೋಗೀಶ ಗೇರಿಗೆ ಹಾಕುವುದಕ್ಕೂ ಸುಗಂಧಿ ಎರಡೂ ಕೈಗಳನ್ನು ಬಾನೆಟ್ಟಿನ ಮೇಲೆ ಇಡುವುದಕ್ಕೂ ಸರಿಹೋಯಿತು.

"ಇಳಿಸಬೇಡ," ಎಂದಳು. "ಇಂಜಿನ್ ಆಫ್ ಮಾಡು ಯೋಗೀಶ. ಚಕ್ರಕ್ಕೆ ಕಲ್ಲು ಕೊಡು."

ಬಲಚಕ್ರದ ಹತ್ತಿರ ಬಂದು, ಶೀನ ಮಾಡುತ್ತಿದ್ದಂತೆ, ಹಬ್ಬಿನ ಮೇಲೆ ಅಂಗೈ ಇಟ್ಟಳು. ಇಟ್ಟದ್ದೇ ತಡ ಚುರ್ ಎಂದಿತು. ಕೈ ಕಿತ್ತುಕೊಂಡು ಸೆರಗಿನಲ್ಲಿ ಒತ್ತಿಹಿಡಿದಳು. ಸುಟ್ಟ ಗ್ರೀಸಿನ ವಾಸನೆ ಮೂಗಿಗೆ ಬಡಿಯಿತು.

ಯೋಗೀಶ ಕೆಳಗಿಳಿದು ತನ್ನಷ್ಟಕ್ಕೆ ವರದಿ ಒಪ್ಪಿಸತೊಡಗಿದ. ಕಾರ್ಕಳದ ಹತ್ತಿರ ಮೀನಿನ ಟೆಂಪೋ ಮಗುಚಿ ರಸ್ತೆಯೆಲ್ಲ ಐಸ್ ಚೆಲ್ಲಿತ್ತಂತೆ, ಹಾಗಾಗಿ ಒಳದಾರಿ ಹಿಡಿದು ಸುತ್ತಿ ಬಂದರಂತೆ. ಗುಡ್ಡ ಇಳಿಯುವಾಗಲೇ ಸ್ಟೇರಿಂಗ್ ನಡುಗಿತ್ತು, ಲೋಡಿನ ಭಾರಕ್ಕೆ ಇರಬೇಕು ಎಂದುಕೊಂಡೆ, ಶೀನಣ್ಣ ಮಾಡಿದ ಕೆಲಸವಲ್ಲವಾ ಎಂದ.

ಕೆಳಗಿನಿಂದ ಜನ ಹತ್ತಿ ಬಂದರು. ಕಮಲಕ್ಕ ಏದುಸಿರು ಬಿಡುತ್ತ, ಹೊತ್ತು ಮೀರುತ್ತಿದೆ, ಇವಳಿಗೆ ಎಂತ ಹಿಡಿಯಿತು ಎಂದು ಗದರಿದಳು. ಧರ್ಮಪಾಲ ಅವಳ ಎದುರು ಗೋಡೆಯ ಹಾಗೆ ನಿಂತು, ಐದು ನಿಮಿಷ ಕಮಲಕ್ಕ, ನನ್ನ ಗಾಡಿ, ನಾನು ಹೇಳುತ್ತೇನೆ ಎಂದ.

ರೋಹಿತ್ ಮರದ ರಾಶಿಯಿಂದ ಹಾರಿ ಅಮ್ಮನ ಎದುರು ನಿಂತ. ಮೈತುಂಬ ಮರದ ಹುಡಿ. ಗೀರು ಬಿಟ್ಟರೆ ಒಂದು ಗಾಯವಿಲ್ಲ. ಸುಗಂಧಿಗೆ ಅವನನ್ನು ತಬ್ಬಿಕೊಂಡು ನೆಲಕ್ಕೆ ಕುಸಿದುಬಿಡುವ ಎನಿಸಿತು. ಹಾಗೆ ಮಾಡಲಿಲ್ಲ. ಮುಷ್ಟಿ ಬಿಚ್ಚಿ ವಾಷರನ್ನು ಅವನ ಕೈಯಲ್ಲಿಟ್ಟಳು.

"ಅಪ್ಪನ ಜೇಬಿನಲ್ಲಿ ಇತ್ತು ಮಗ. ಇದೊಂದು ಬಾಕಿ ಉಂಟು. ಹಾಕಿಬಿಡು."

"ಆದರೆ ಕಿವಿ ಮಡಚಿತ್ತಲ್ಲ ಅಮ್ಮ. ನಾನು ನೋಡಿಯೇ ಮುಚ್ಚಿದ್ದು."

ಅವನು ಅವಳ ಮುಖ ನೋಡಿದ, ಸೆರಗಿನಲ್ಲಿ ಸುತ್ತಿಕೊಂಡ ಕೈ ನೋಡಿದ, ಕೆಳಗೆ ಓಡಿಹೋಗಿ ಶೆಡ್ಡಿನಿಂದ ಸಾಮಾನು ತಂದ. ಜಾಕು ಕೊಟ್ಟು ಮುಚ್ಚಳದ ಬೋಲ್ಟು ಬಿಚ್ಚಿದ. ಮುಚ್ಚಳ ಬರುತ್ತಿದ್ದಂತೆ ಕಪ್ಪು ಗ್ರೀಸು ಗಂಜಿಯಂತೆ ಸುರಿಯಿತು. ಅವನು ಹೊರಗಿನ ನಟ್ಟಿಗೆ ಬೆರಳು ತಾಗಿಸಿದ. ಸ್ಪ್ಯಾನರ್ ಬೇಕಾಗಲಿಲ್ಲ. ನಟ್ಟು ಅವನ ಬೆರಳಿಗೇ ತಿರುಗಿತು, ಇನ್ನೆರಡು ಸುತ್ತು ಹೋಗುವಷ್ಟರಲ್ಲಿ ಅಂಗೈಗೇ ಬಂದುಬಿಟ್ಟಿತು. ಅದರ ಹಿಂದಿದ್ದ ಹಳೆಯ ವಾಷರಿನ ಮಡಚಿದ ಕಿವಿ ಮುರಿದು ಗ್ರೀಸಿನಲ್ಲಿ ಕಲಸಿಹೋಗಿತ್ತು.

ರೋಹಿತ್ ನಟ್ಟು ಹಿಡಿದುಕೊಂಡೇ ಮಣ್ಣಿನ ಮೇಲೆ ಕುಳಿತ. ಅವನು ಇಳಿಜಾರಿನ ಬುಡವನ್ನು ನೋಡಿದ. ಅಲ್ಲಿ, ಅಂಗಳದಲ್ಲಿ ಓಡಾಡುತ್ತಿದ್ದ ಹೆಂಗಸರನ್ನು, ಶಾಮಿಯಾನವನ್ನು, ಚಾವಡಿಯಲ್ಲಿ ಮಲಗಿದ್ದ ಅಪ್ಪನನ್ನು ನೋಡಿದ. ಅಮ್ಮ ಎಂದು ಏನೋ ಹೇಳಹೊರಟ.

"ಏಳು," ಎಂದಳು ಸುಗಂಧಿ. ಅವಳ ಸ್ವರ ಗಟ್ಟಿಯಾಗಿತ್ತು. "ಬೇರಿಂಗ್ ತೆಗೆದು ನೋಡು. ನೀಲಿ ಆಗಿದೆಯಾ?"

"ಇಲ್ಲ."

"ಹಾಗಾದರೆ ಒರೆಸಿ ಗ್ರೀಸು ತುಂಬು. ಅಂಗೈಯಲ್ಲಿ ಇಟ್ಟು ಒತ್ತಬೇಕು, ಆಚೆಯಿಂದ ಬರುವವರೆಗೆ. ನಟ್ಟು ಬಿಗಿದು ಸ್ವಲ್ಪ ಬಿಡು. ಚಕ್ರ ತಿರುಗಿಸು. ಕೇಳು."

ಸೀಮೆಎಣ್ಣೆಯ ಬಟ್ಟೆಯನ್ನು ಅವಳೇ ಹಿಂಡಿ ಕೊಟ್ಟಳು. ಕಮಲಕ್ಕ ಹೊತ್ತಿನ ಮಾತು ಮತ್ತೆ ಎತ್ತಲಿಲ್ಲ. ಚಕ್ರ ತಿರುಗಿದಾಗ ಕಟ್ ಕಟ್ ಇರಲಿಲ್ಲ. ರೋಹಿತ್ ಹೊಸ ವಾಷರ್ ಕೂರಿಸಿದ, ಹೊರಗಿನ ನಟ್ಟು ಬಿಗಿದ, ಉಳಿ ಇಟ್ಟು ಸುತ್ತಿಗೆಯಿಂದ ಒಂದು ಕಿವಿಯನ್ನು ಒಳಕ್ಕೆ, ಒಂದನ್ನು ಹೊರಕ್ಕೆ ಮಡಚಿದ. ಒಂದು ಪೆಟ್ಟು ಹೆಬ್ಬೆರಳಿಗೇ ಬಿತ್ತು. ಅವನು ಮುಚ್ಚಳ ಕೂರಿಸಿ ಬೋಲ್ಟು ಬಿಗಿದ.

*

ಶೀನ ಅದೇ ಲಾರಿಯಲ್ಲಿ, ತನ್ನ ಅಮ್ಮ ನೆಟ್ಟ ಮಾವಿನ ತುಂಡುಗಳ ಪಕ್ಕದಲ್ಲಿ ಮಲಗಿ ಹೊರಟ. ಮಿಂದು ಒದ್ದೆ ಪಂಚೆಯಲ್ಲಿದ್ದ ರೋಹಿತ್ ಅಪ್ಪನ ಕಾಲ ಬಳಿ ಕುಳಿತಿದ್ದ. ಯೋಗೀಶ ಎತ್ತಿನ ಗಾಡಿಯ ವೇಗದಲ್ಲಿ ಓಡಿಸಿದ. ಮುಂದೆ ಕುಳಿತುಕೊಳ್ಳಿ ಎಂದು ಎಷ್ಟು ಹೇಳಿದರೂ ಕೇಳದೆ ಧರ್ಮಪಾಲ ಸ್ಮಶಾನದವರೆಗೂ ಬಲಚಕ್ರದ ಪಕ್ಕದಲ್ಲೇ, ಅದರ ಮೇಲೆ ಕಣ್ಣಿಟ್ಟು, ನಡೆದೇ ಹೋದ. ಹೆಂಗಸರು ಬೇಲಿಯ ದಣಪೆಯ ಬಳಿ ನಿಂತರು. ಎಲ್ಲರೂ ಹೆಣವನ್ನು ನೋಡಿದರು. ಸುಗಂಧಿ ನೋಡಿದ್ದು ಚಕ್ರವನ್ನು. ತಿರುವಿನಲ್ಲಿ ಮರೆಯಾಗುವವರೆಗೂ ಅದು ನೇರವಾಗಿಯೇ ಉರುಳಿತು.

ಚಾವಡಿ ಗುಡಿಸುತ್ತಿದ್ದ ಹರಿಣಾಕ್ಷಿಗೆ ಆಗ ನೆನಪಾಯಿತು. ಆ ಬಟ್ಟೆಯ ಗಂಟು ಕಳಿಸಲಿಕ್ಕೆ ಮರೆತೇಹೋಯಿತಲ್ಲ ಎಂದಳು. ಕಮಲಕ್ಕ ಒಮ್ಮೆ ಸುಗಂಧಿಯ ಕಡೆ ನೋಡಿ, ಇರಲಿ ಬಿಡು ಎಂದಳು.

ಸುಗಂಧಿ ಒಳಗೆ ಹೋಗಿ ಅಂಗಿ ತಂದಳು. ಬಾವಿಕಟ್ಟೆಯ ಪಕ್ಕದ ಒಗೆಯುವ ಕಲ್ಲಿನ ಬಳಿ ಕುಳಿತು, ಸುಟ್ಟ ಕೈಯನ್ನು ಮಡಿಲಲ್ಲಿಟ್ಟುಕೊಂಡು, ಇನ್ನೊಂದು ಕೈಯ ಎರಡು ಬೆರಳನ್ನು ಎದೆಯ ಜೇಬಿಗೆ ಇಳಿಸಿದಳು. ತಳದವರೆಗೆ ಇಳಿಸಿ, ಮೂಲೆ ಮೂಲೆ ತಡಕಿದಳು. ವಾಷರ್ ಚುಚ್ಚಿ ಚುಚ್ಚಿ ಆದ ತೂತಿನಿಂದ ಬೆರಳ ತುದಿ ಹೊರಗೆ ಬಂತು. ಬೇರೆ ಏನೂ ಇರಲಿಲ್ಲ.

ಆಗ ಅವಳಿಗೆ ಅಳು ಬಂತು. ಅಳುತ್ತಲೇ ಅಂಗಿಯನ್ನು ಬಕೆಟ್ಟಿಗೆ ಮುಳುಗಿಸಿದಳು. ತೋಳುಗಳಲ್ಲಿ ಗಾಳಿ ತುಂಬಿಕೊಂಡು ಅದು ಒಂದು ಗಳಿಗೆ ಮೇಲೆದ್ದಿತು. ಸುಗಂಧಿ ಅಂಗೈಯಿಂದ ಮೆಲ್ಲನೆ ಒತ್ತಿದಳು. ಗುಳ್ಳೆಗಳೆದ್ದು, ನೀರಿನ ಮೇಲೆ ಗ್ರೀಸಿನ ಪಸೆ ಹರಡಿತು.